ಒಂದೂವರೆ ಗೇಣು

ಬಳ್ಳಾರಿಯ ಬಸ್ಸು ಸಿರುಗುಪ್ಪ ಬಿಟ್ಟು ತುಂಗಭದ್ರೆ ದಾಟಿದ ಮೇಲೆ ಕಿಟಕಿಯಾಚೆ ಕಣ್ಣು ಹರಿಯುವಷ್ಟೂ ಭತ್ತ. ಕೊಯ್ಲಿನ ದಿನಗಳು. ಗದ್ದೆಗಳಲ್ಲಿ ಕಟಾವು ಯಂತ್ರಗಳ ಸದ್ದು, ಡಾಂಬರಿನ ಅಂಚಿಗೆ ತಾಡಪಾಲಿನ ಮೇಲೆ ಒಣಹಾಕಿದ ಕಾಳು, ಅದರೊಳಗೆ ಬರಿಗಾಲಲ್ಲಿ ಗೆರೆ ಎಳೆಯುತ್ತ ನಡೆಯುವ ಹೆಂಗಸರು. ಎಡದಂಡೆ ಕಾಲುವೆಯ ನೀರು ಈ ನೆಲವನ್ನು ಹೇಗೆ ಬದಲಿಸಿತು ಎಂಬುದನ್ನು ಸಿಂಧನೂರಿನಲ್ಲಿ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅಕ್ಕಿ ಗಿರಣಿಗಳ ಸಾಲು, ಆಂಧ್ರದಿಂದ ಬಂದವರ ಕ್ಯಾಂಪುಗಳು, ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳು, ಎಲ್ಲವೂ ನೀರಿನ ಹಿಂದೆಯೇ ಬಂದು ನಿಂತಂಥವು.

ಬಸ್ ನಿಲ್ದಾಣದಲ್ಲಿ ತಂಗಿಯ ಮಗ ಕಾಯುತ್ತಿದ್ದ. ಹೆಗಲಿಗೊಂದು ಚೀಲ, ಕೈಯಲ್ಲಿ ಬಲೆಚೀಲದೊಳಗೆ ಒಂದು ವಾಲಿಬಾಲ್. ಹದಿನೆಂಟು ವರ್ಷ, ಐದಡಿ ಮೂರಂಗುಲ. ಎತ್ತರವನ್ನು ಅಂಗುಲದ ಲೆಕ್ಕದಲ್ಲಿ ಹೇಳುತ್ತಿರುವುದಕ್ಕೆ ಕಾರಣವಿದೆ. ವಾರದ ಹಿಂದೆ ಅವನು ಫೋನಿನಲ್ಲಿ ಹೇಳಿದ್ದೇ ಅದನ್ನು.

"ಮಾಮ, ಕಾಲೇಜ್ ಟೀಮಿನ್ಯಾಗ ನನ್ನ ಹೆಸರಿಲ್ಲ. ಹೈಟ್ ಸಾಲಂಗಿಲ್ಲ ಅಂದ್ರು. ನೀ ಖರೇ ಹೇಳು, ನಾ ಆಡಬೌದೋ, ಬಿಟ್ಟುಬಿಡ್ಲೋ?"

ಆ ಹೊತ್ತಿಗೆ ನಾನು ಉತ್ತರ ಕೊಡಲಿಲ್ಲ. ಭಾನುವಾರ ಲಿಂಗಸುಗೂರು ಕಡೆಯ ಊರೊಂದರಲ್ಲಿ ಹೊನಲು ಬೆಳಕಿನ ಪಂದ್ಯಾವಳಿ ಇದೆ, ತನ್ನೂರಿನ ತಂಡದ ಪರ ಆಡುತ್ತೇನೆ ಎಂದಿದ್ದ. ಬಂದು ನೋಡುತ್ತೇನೆ ಅಂದೆ. ನೋಡದೆ ಹೇಳುವ ಮಾತಲ್ಲ ಅದು. ಮೂವತ್ತು ವರ್ಷದ ಹಿಂದೆ ನನಗೂ ಒಬ್ಬರು ನೋಡದೆ ಹೇಳಿದ್ದರು. ಅವನು ಆಡುವ ಜಾಗದಲ್ಲೇ, ಹೊಡೆಯುವವರಿಗೆ ಚೆಂಡೆತ್ತಿಕೊಡುವ ಲಿಫ್ಟರ್ ಆಗಿ, ನಾನೂ ಆಡುತ್ತಿದ್ದೆ. ಆಯ್ಕೆಯ ದಿನ ಗೋಡೆಗೆ ಒರಗಿಸಿ ನಿಲ್ಲಿಸಿ ತಲೆಯ ಮೇಲೆ ಸ್ಕೇಲ್ ಇಟ್ಟರು, ಹಾಳೆಯಲ್ಲಿ ಏನೋ ಬರೆದುಕೊಂಡರು, ಅಷ್ಟೇ. ಚೆಂಡು ನನ್ನ ಕೈಗೆ ಬರಲೇ ಇಲ್ಲ. ಆ ಮಧ್ಯಾಹ್ನ ಇವತ್ತಿಗೂ ನನ್ನೊಳಗೆ ಹಾಗೇ ಇದೆ.

ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣಿ, ಬಿಸಿ ಮಿರ್ಚಿ ತಿಂದೆವು. ತಿನ್ನುತ್ತ ಅವನು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಅಮೆರಿಕದ ಫುಟ್‌ಬಾಲ್. ತಲೆಗೆ ಶಿರಸ್ತ್ರಾಣ, ಹೆಗಲಿಗೆ ಗುರಾಣಿಯಂಥ ಕವಚ ತೊಟ್ಟ ದೈತ್ಯರ ನಡುವೆ ಒಬ್ಬ ಗಿಡ್ಡ ಹುಡುಗ ಹಿಂದೆ ಓಡಿ, ತಿರುಗಿ, ಚೆಂಡನ್ನು ಆಕಾಶಕ್ಕೆಸೆಯುತ್ತಾನೆ. "ಇವ ನಮ್ಮ ಲಿಫ್ಟರ್ ಇದ್ದಂಗ, ಮಾಮ. ಎಲ್ಲಾ ಬಾಲ್ ಇವನ ಕೈಗೇ ಬರ್ತೈತಿ. ಯಾರಿಗೆ ಕೊಡಬೇಕಂತ ಇವನೇ ಡಿಸೈಡ್ ಮಾಡ್ತಾನ."

ಹುಡುಗ ಸರಿಯಾಗಿ ಹಿಡಿದಿದ್ದ. ಆ ಆಟದಲ್ಲಿ ಈ ಜಾಗಕ್ಕೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಅಲ್ಲಿ ಕಾಲೇಜು ಆಟವೆಂದರೆ ಊರೂರೇ ಕ್ರೀಡಾಂಗಣಕ್ಕೆ ಬರುವ ಹಬ್ಬ. ಕ್ವಾರ್ಟರ್‌ಬ್ಯಾಕ್ ಆರಡಿಯ ಮೇಲೆ ಎರಡು ಮೂರು ಅಂಗುಲವಾದರೂ ಇರಬೇಕು, ಇಲ್ಲದಿದ್ದರೆ ಎದುರಿನ ಗೋಡೆಯಾಚೆ ಅವನಿಗೆ ಏನೂ ಕಾಣುವುದಿಲ್ಲ ಎಂಬುದು ಹಳೆಯ ನಂಬಿಕೆ. ವಿಡಿಯೋದಲ್ಲಿದ್ದವನು ಡಗ್ ಫ್ಲೂಟಿ. ಎತ್ತರ ಐದಡಿ ಹತ್ತಂಗುಲದ ಆಸುಪಾಸು. 1984ರ ನವೆಂಬರ್ 23ರಂದು ಬಾಸ್ಟನ್ ಕಾಲೇಜಿನ ಪರ ಮಿಯಾಮಿಯ ವಿರುದ್ಧ ಪಂದ್ಯದ ಕೊನೆಯ ಗಳಿಗೆಯಲ್ಲಿ ಅವನೆಸೆದ ಆ ಒಂದು ಚೆಂಡಿನಿಂದ ತಂಡ 47–45ರಲ್ಲಿ ಗೆದ್ದಿತು. ಕಾಲೇಜು ಆಟಗಾರರಿಗೆ ಸಲ್ಲುವ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಆ ವರ್ಷ ಅವನಿಗೇ ಬಂತು. 2021ರಲ್ಲಿ ಅದೇ ಟ್ರೋಫಿ ಅಷ್ಟೇ ಎತ್ತರದ ಬ್ರೈಸ್ ಯಂಗ್‌ಗೆ ಸಿಕ್ಕಿತು. ಎತ್ತರದವನು ಗೋಡೆಯ ಮೇಲಿಂದ ನೋಡುತ್ತಾನೆ, ಗಿಡ್ಡನಾದವನು ಸಂದಿಯಲ್ಲಿ ನೋಡುವುದನ್ನು ಕಲಿಯುತ್ತಾನೆ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ತನಗೆ ಬೇಕಾದ ಸಂದಿಯನ್ನು ತಾನೇ ಮಾಡಿಕೊಳ್ಳುತ್ತಾನೆ.

"ಆದ್ರ ಐದಡಿ ಹತ್ತು ಅಂದ್ರ ನಮ್ಮ ಕಡೆ ಎತ್ತರನ ಆತಲ್ಲ ಮಾಮ" ಅಂದ ಹುಡುಗ. ಅದೂ ನಿಜವೇ.

ಸಿಂಧನೂರಿನಿಂದ ಮಸ್ಕಿಗೆ ಮೂವತ್ತು ಕಿಲೋಮೀಟರ್ ಇರಬಹುದು. ಆ ಮೂವತ್ತರಲ್ಲೇ ದೇಶ ಬೇರೆಯಾಗುತ್ತದೆ. ಹಸಿರು ಹಿಂದೆ ಸರಿದು ಜೋಳ, ತೊಗರಿ, ಹತ್ತಿ ಕಾಣಿಸುತ್ತವೆ. ಆಮೇಲೆ ಕಲ್ಲುಗುಡ್ಡಗಳು, ನಡುವೆ ಮಳೆಯನ್ನೇ ನಂಬಿದ ಹೊಲಗಳು. ತಂಗಿಯನ್ನು ಕೊಟ್ಟ ಊರು ಈ ಒಣ ಭಾಗದ್ದು. ನಾಲ್ಕು ಎಕರೆ ಇದ್ದರೂ ವರ್ಷಪೂರ್ತಿ ಉಣ್ಣಿಸುವ ನೆಲವಲ್ಲ. ಹಾಗಾಗಿ ಸುಗ್ಗಿ ಮುಗಿದರೆ ಗುಳೆ. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗಂಡ ಹೆಂಡತಿ ಇಬ್ಬರೂ ಹೋಗುತ್ತಿದ್ದರು. ಈ ಹುಡುಗ ಎಂಟು ತಿಂಗಳ ಕೂಸಾಗಿದ್ದಾಗಲೇ ಮೊದಲ ಗುಳೆ ಕಂಡವನು. ಮರಳಿನ ರಾಶಿಯ ಪಕ್ಕ ಸೀರೆಯ ಜೋಳಿಗೆಯಲ್ಲಿ ಬೆಳೆದ. ಬೆಳಗ್ಗೆ ಚಹಾದಲ್ಲಿ ಅದ್ದಿದ ಬ್ರೆಡ್ಡು, ಮಧ್ಯಾಹ್ನ ಅನ್ನಕ್ಕೆ ತಿಳಿಸಾರು. ಊರಿನಲ್ಲಿದ್ದ ಅಂಗನವಾಡಿ ಅಲ್ಲಿರಲಿಲ್ಲ.

ಮಗುವಿನ ಎತ್ತರ ಕುಂಠಿತವಾಗುವುದು ಬಹುಮಟ್ಟಿಗೆ ತಾಯಿಯ ಬಸಿರಿನಲ್ಲಿ ಮತ್ತು ಹುಟ್ಟಿದ ಮೊದಲ ಎರಡು ವರ್ಷದಲ್ಲಿ. ಆಗ ಬಿದ್ದ ಕೊರತೆಯನ್ನು ಆಮೇಲೆ ಪೂರ್ತಿ ತುಂಬುವುದು ಬಹಳ ಕಷ್ಟ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಶಾಲೆಯಲ್ಲಿ ಕ್ಷೀರಭಾಗ್ಯದ ಹಾಲು ಬಂದದ್ದು 2013ರಲ್ಲಿ. ರಾಯಚೂರು ಸೇರಿದಂತೆ ಈ ಸೀಮೆಯ ಜಿಲ್ಲೆಗಳ ಮಕ್ಕಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದ್ದು 2021ರ ಡಿಸೆಂಬರ್‌ನಲ್ಲಿ. ಮೊಟ್ಟೆ ತಟ್ಟೆಗೆ ಬರುವ ಹೊತ್ತಿಗೆ ಇವನು ಹೈಸ್ಕೂಲು ಸೇರಿಯಾಗಿತ್ತು. ನನ್ನ ತಂಗಿ ನನಗಿಂತ ಗಿಡ್ಡ, ಅವಳ ಮಗ ಅವರಪ್ಪನಿಗಿಂತ ಗಿಡ್ಡ. ಇದನ್ನು ದೇವರು ಕೊಟ್ಟ ಎತ್ತರ ಅನ್ನುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಊಟ ಒಂದು ಸಲ ಕೈಬಿಟ್ಟ ಹುಡುಗನನ್ನು ಅಳತೆಪಟ್ಟಿ ಇನ್ನೊಂದು ಸಲ ಕೈಬಿಡುತ್ತದೆ. ಆಯ್ಕೆಯ ಮೇಜಿನ ಹಿಂದೆ ಕೂತವರು ಆ ಹಾಳೆಯಲ್ಲಿ ಬರೆಯುವ ಅಂಕಿ ಹುಡುಗನ ಆಟದ್ದಲ್ಲ, ಅವನ ತಾಯಿ ದಾಟಿ ಬಂದ ವರ್ಷಗಳದ್ದು.

ಮಸ್ಕಿಯಲ್ಲಿ ಇಳಿದೆವು. ಲಿಂಗಸುಗೂರಿಗೆ ಸಂಜೆಯೊಳಗೆ ಮುಟ್ಟಿದರೆ ಸಾಕಿತ್ತು. ಅಶೋಕನ ಶಾಸನ ನೋಡಿ ಹೋಗೋಣ ಅಂದೆ. ಹುಡುಗ ಶಾಲೆಯ ಪ್ರವಾಸದಲ್ಲಿ ನೋಡಿದ್ದನಂತೆ, ಬಂಡೆ ಮಾತ್ರ ನೆನಪಿತ್ತು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೆ ಬಿದ್ದದ್ದು ಈ ಬಂಡೆ. ಅಲ್ಲಿಯವರೆಗೆ ದೇಶದ ತುಂಬ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಆ ದೊರೆ ಅಶೋಕನೇ ಎಂದು ಹೆಸರು ಹಿಡಿದು ಹೇಳಿದ್ದು ಮಸ್ಕಿ. ಪಠ್ಯಪುಸ್ತಕದಲ್ಲಿ ನಾವೆಲ್ಲ ಓದುವುದು ಇಷ್ಟನ್ನೇ.

ಆದರೆ ಅದೇ ಬಂಡೆಯ ಮೇಲೆ, ಅದೇ ಬ್ರಾಹ್ಮಿ ಅಕ್ಷರಗಳಲ್ಲಿ ಇನ್ನೊಂದು ಮಾತಿದೆ. ಧರ್ಮದ ಸಿದ್ಧಿ ದೊಡ್ಡವರಿಗೆ ಮಾತ್ರ ದಕ್ಕುವುದೆಂದು ತಿಳಿಯಬೇಡಿ, ಧರ್ಮದಲ್ಲಿ ತೊಡಗಿದ ಸಣ್ಣವನಿಗೂ ದಕ್ಕುತ್ತದೆ ಎಂಬ ಅರ್ಥದ್ದು. ಸಣ್ಣವನಿಗೆ ಅಲ್ಲಿರುವ ಪ್ರಾಕೃತ ಪದ ಖುದಕ. ಈ ಮಾತನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂದೂ ಶಾಸನ ಹೇಳುತ್ತದೆ. ದೊರೆ ಹೇಳುತ್ತಿದ್ದುದು ಅಂತಸ್ತಿನಲ್ಲಿ ಸಣ್ಣವರಾದವರ ಬಗ್ಗೆ, ಮೈಯೆತ್ತರದ ಬಗ್ಗೆ ಅಲ್ಲ. ಅದನ್ನೂ ಹುಡುಗನಿಗೆ ಬಿಡಿಸಿಯೇ ಹೇಳಿದೆ, ಸುಳ್ಳು ಸಮಾಧಾನ ಬೇಡವೆಂದು. ಅವನು ಕಂಬಿಯ ಆಚೆಯಿಂದ ಬಹಳ ಹೊತ್ತು ಅಕ್ಷರಗಳನ್ನು ನೋಡಿದ. "ಖುದಕ ಅನ್ನೋದು ಎಲ್ಲೈತಿ ಮಾಮ, ಯಾವ ಸಾಲಿನ್ಯಾಗ?" ಅಂದ. ಬ್ರಾಹ್ಮಿ ನನಗೆ ಓದಲು ಬರುವುದಿಲ್ಲ. ಬೆರಳು ತೋರಿಸಲಾಗಲಿಲ್ಲ ಎಂಬುದು ಇವತ್ತಿಗೂ ನನಗೆ ನೋವು.

ತಂಗಿ ಬುತ್ತಿ ಕಟ್ಟಿಕೊಂಡು ಮಸ್ಕಿಗೇ ಬಂದಿದ್ದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮಗ ಒಂದು ರೊಟ್ಟಿ ಹೆಚ್ಚು ತಿನ್ನಲೆಂದು ತಾನು ಸಾಕೆಂದು ಕೈತೊಳೆದಳು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, "ಅಣ್ಣಾ, ಅವ ಆಡಾಕ ಹೋದ್ರ ಓದು ಕೆಡಂಗಿಲ್ಲಲ್ಲ?" ಎಂದಷ್ಟೇ ಕೇಳಿದಳು. ಎತ್ತರದ ಸುದ್ದಿ ಅವಳಿಗೆ ಹೇಳಿರಲಿಲ್ಲ ಅವನು.

ಲಿಂಗಸುಗೂರಿನ ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕಿತು. ನಾನು ಕ್ರಿಕೆಟಿಗ ವಿಶ್ವನಾಥ್ ಅವರ ಕಥೆ ತೆಗೆದೆ. ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್, ಐದಡಿ ನಾಲ್ಕಂಗುಲದ ಒಳಗಿನವರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್, ಮೊದಲ ಇನಿಂಗ್ಸಿನಲ್ಲಿ ಸೊನ್ನೆ. ಎರಡನೆಯದರಲ್ಲಿ 137. ಕೊನೆಗೆ 91 ಟೆಸ್ಟ್, 6080 ರನ್, 14 ಶತಕ. ಆ ಶತಕಗಳು ಬಂದ ಒಂದು ಪಂದ್ಯವನ್ನೂ ಭಾರತ ಸೋತಿಲ್ಲ. 1975ರಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಆಂಡಿ ರಾಬರ್ಟ್ಸ್ ಬೆಂಕಿಯಂತೆ ಎಸೆಯುತ್ತಿದ್ದಾಗ ತಂಡದ 190ರಲ್ಲಿ ಇವರೊಬ್ಬರದೇ 97, ಅದೂ ಔಟಾಗದೆ. ಎತ್ತರದವನ ಸೊಂಟಕ್ಕೆ ಬರುವ ಚೆಂಡು ಗಿಡ್ಡನ ಎದೆಗೆ ಬರುತ್ತದೆ. ಅದನ್ನು ಮಣಿಕಟ್ಟಿನಿಂದ ಕತ್ತರಿಸುವುದೇ ಅವರ ಬಾಳಾಯಿತು. ಮೈ ಸಣ್ಣದಾಗಿದ್ದರೂ ಆಟ ಬಂತು ಎನ್ನುವುದಕ್ಕಿಂತ, ಆ ಮೈಯಿಂದಲೇ ಆ ಆಟ ಬಂತು ಎನ್ನುವುದು ಸರಿ ಎಂದು ನನಗನ್ನಿಸುತ್ತದೆ.

"ಕ್ರಿಕೆಟ್‌ನ್ಯಾಗ ನೆಟ್ ಇರಂಗಿಲ್ಲ ಮಾಮ" ಅಂದ.

ಅವನ ನೋವೆಲ್ಲ ಆ ಒಂದು ಮಾತಿನಲ್ಲಿತ್ತು. ಗಂಡಸರ ವಾಲಿಬಾಲ್ ನೆಟ್ಟಿನ ಎತ್ತರ 2.43 ಮೀಟರ್. ಐದಡಿ ಮೂರಂಗುಲದವನು ಕೈಯೆತ್ತಿ ನಿಂತರೆ ಬೆರಳ ತುದಿ ಅದರ ಮೇಲಂಚಿಗಿಂತ ಒಂದೂವರೆ ಗೇಣು ಕೆಳಗಿರುತ್ತದೆ. ಲಿಫ್ಟರ್‌ನ ಮುಖ್ಯ ಕೆಲಸಕ್ಕೆ ಇದು ಅಡ್ಡಿಯಲ್ಲ. ಎರಡನೇ ಚೆಂಡನ್ನು ಬೆರಳ ತುದಿಯಲ್ಲಿ ತೆಗೆದುಕೊಂಡು ಸ್ಮ್ಯಾಶರ್‌ಗೆ ಎತ್ತಿಕೊಡಲು ಬೇಕಾದದ್ದು ಕಾಲಿನ ಚುರುಕು, ಬೆರಳಿನ ಮೆದು, ಎದುರಾಳಿಯನ್ನು ಓರೆಗಣ್ಣಲ್ಲೇ ಓದುವ ಶಕ್ತಿ. ತೊಂದರೆ ಬರುವುದು ಸರದಿ ತಿರುಗಿ ಅವನು ಮುಂದಿನ ಸಾಲಿಗೆ ಬಂದಾಗ. ಆರು ಸರದಿಗಳಲ್ಲಿ ಮೂರು ಸಲ ಅವನು ನೆಟ್ಟಿನ ಮುಂದೆ ನಿಲ್ಲಲೇಬೇಕು. ಬಲತುದಿಯಲ್ಲಿ ಅವನಿದ್ದರೆ ಎದುರಿಗೆ ಇರುವವನು ಸಾಮಾನ್ಯವಾಗಿ ಎದುರಾಳಿಯ ಬಲವಾದ ಸ್ಮ್ಯಾಶರ್. ಬ್ಲಾಕಿಗೆ ಹಾರಿದರೂ ಅವನ ಕೈ ಮೇಲಿಂದ ಹೊಡೆಯುತ್ತಾರೆ. ತಂಡ ಆರಿಸುವವರ ಭಯ ಸುಳ್ಳಲ್ಲ. ಅದನ್ನು ಒಪ್ಪಿಕೊಂಡೇ ಮಾತಾಡಬೇಕು.

ಆದರೆ ಆ ಭಯಕ್ಕೆ ಆಟದೊಳಗೇ ಮದ್ದುಗಳಿವೆ. ಇಬ್ಬರು ಲಿಫ್ಟರ್‌ಗಳನ್ನು ಇಟ್ಟುಕೊಂಡು, ಯಾವಾಗಲೂ ಹಿಂದಿನ ಸಾಲಿನಲ್ಲಿರುವವನೇ ಮುಂದೆ ಓಡಿಬಂದು ಚೆಂಡೆತ್ತುವ ಪದ್ಧತಿ ಒಂದು. ಸರ್ವಿಸ್ ಆದಮೇಲೆ ಜಾಗ ಬದಲಿಸಿ ಗಿಡ್ಡನನ್ನು ಎದುರಾಳಿಯ ದುರ್ಬಲ ತುದಿಗೆ ಕಳಿಸುವುದು ಇನ್ನೊಂದು. ಮುಂದಿನ ಸಾಲಿಗೆ ಬಂದಾಗ ಅವನನ್ನು ಕೂರಿಸಿ ಎತ್ತರದವನನ್ನು ಇಳಿಸಿ, ಹಿಂದಕ್ಕೆ ಹೋಗುವಾಗ ಮತ್ತೆ ಕರೆಯಲು ನಿಯಮದಲ್ಲೇ ಅವಕಾಶವಿದೆ. 1998ರಲ್ಲಿ ಜಗತ್ತಿನ ವಾಲಿಬಾಲ್ ಸಂಸ್ಥೆ ಲಿಬೆರೋ ಎಂಬ ಹೊಸ ಆಟಗಾರನನ್ನೇ ಸೃಷ್ಟಿಸಿತು. ಬೇರೆ ಬಣ್ಣದ ಅಂಗಿ ತೊಟ್ಟು ಹಿಂದಿನ ಸಾಲನ್ನು ಕಾಯುವ ಈ ಆಟಗಾರ ಬ್ಲಾಕ್ ಮಾಡುವಂತೆಯೇ ಇಲ್ಲ, ಹಾಗಾಗಿ ಎತ್ತರದ ಹಂಗಿಲ್ಲ. ಎತ್ತರದವರ ಆಟದಲ್ಲಿ ಸಣ್ಣವರಿಗೂ ಒಂದು ಬಾಗಿಲು ಬೇಕೆಂದು ಆಟವೇ ತಿಳಿದುಕೊಂಡ ಗಳಿಗೆ ಅದು.

ಲಿಫ್ಟರ್ ಆಗಿಯೇ ಗೆದ್ದವರೂ ಇದ್ದಾರೆ. ಜಪಾನಿನ ಯೋಶಿಯೆ ತಾಕೆಶಿತಾ 159 ಸೆಂಟಿಮೀಟರ್, ಅಂದರೆ ನನ್ನ ಸೋದರಳಿಯನಿಗಿಂತ ಒಂದು ಕೂದಲು ಕಡಿಮೆ. ಹೆಂಗಸರ ನೆಟ್ 2.24 ಮೀಟರ್ ಎಂಬುದು ನಿಜ, ಆದರೆ ಎದುರಿಗೆ ಇದ್ದವರು ಆರಡಿ ದಾಟಿದ ರಷ್ಯಾ, ಬ್ರೆಜಿಲ್‌ನವರು. ಜಪಾನ್ ಸಿಡ್ನಿ ಒಲಿಂಪಿಕ್ಸ್‌ಗೆ ಅರ್ಹತೆ ಕಳೆದುಕೊಂಡಾಗ ಜನ ಆಕೆಯ ಎತ್ತರವನ್ನೇ ದೂರಿದರು. 2006ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಆಕೆಯ ತಂಡಕ್ಕೆ ಪದಕ ಬರಲಿಲ್ಲ, ಆದರೂ ಕೂಟದ ಶ್ರೇಷ್ಠ ಆಟಗಾರ್ತಿ ಎಂದು ಆರಿಸಿದ್ದು ಆಕೆಯನ್ನೇ. 2012ರಲ್ಲಿ ಲಂಡನ್‌ನಲ್ಲಿ ಒಲಿಂಪಿಕ್ ಕಂಚು.

ಬಸ್ಸಿನಲ್ಲಿ ಇಷ್ಟೆಲ್ಲ ಹೇಳಿ ಕೊನೆಗೆ ಅವನ ಪ್ರಶ್ನೆಗೆ ಬಂದೆ. "ದೇಶದ ಟೀಮಿಗೆ ಲಿಫ್ಟರ್ ಆಗ್ತಿ ಅಂತ ನಾ ಹೇಳಂಗಿಲ್ಲ. ಅಲ್ಲಿ ಈಗ ಲಿಫ್ಟರೂ ಆರಡಿ ದಾಟಿದವರೇ. ಆದ್ರ ಕಾಲೇಜು, ಯೂನಿವರ್ಸಿಟಿ ತನಕ ನೀ ಆಡಬೌದು. ಆಡ್ತೀ ಕೂಡ. ಹೆಂಗ ಆಡ್ತೀ ಅನ್ನೋದನ್ನ ಇವತ್ತ ರಾತ್ರಿ ನೋಡಿ ಹೇಳ್ತೀನಿ." ಅಂತರ ವಿಶ್ವವಿದ್ಯಾಲಯದ ಆಟಕ್ಕೆ 25 ವರ್ಷದವರೆಗೂ ವಯಸ್ಸಿದೆ. ಹದಿನೆಂಟಕ್ಕೇ ಬಾಗಿಲು ಹಾಕುವ ಅವಸರ ಯಾರಿಗೂ ಇರಬೇಕಿಲ್ಲ. ಅದೂ ತಡವಾಗಿ ಬೆಳೆಯುವ ಈ ಸೀಮೆಯ ಮಕ್ಕಳ ವಿಷಯದಲ್ಲಿ.

ಲಿಂಗಸುಗೂರು ಮುಟ್ಟಿದಾಗ ಕತ್ತಲಾಗುತ್ತಿತ್ತು. ಒಂದು ಕಾಲಕ್ಕೆ ದಂಡು ಬೀಡುಬಿಟ್ಟಿದ್ದ, ನಿಜಾಮರ ಕಾಲದಲ್ಲಿ ಜಿಲ್ಲಾ ಕೇಂದ್ರವೂ ಆಗಿದ್ದ ಊರು. ಒಂದು ದಿಕ್ಕಿಗೆ ಹಟ್ಟಿಯ ಚಿನ್ನದ ಗಣಿ, ಇನ್ನೊಂದಕ್ಕೆ ಮುದಗಲ್ಲಿನ ಕೋಟೆ. ನಮಗೆ ಎರಡನ್ನೂ ನೋಡಲು ಹೊತ್ತಿರಲಿಲ್ಲ. ಊರಾಚೆಯ ಹಳ್ಳಿಗೆ ಟಂಟಂನಲ್ಲಿ ಹೋದೆವು.

ಶಾಲೆಯ ಬಯಲು. ಸುಣ್ಣದ ಪುಡಿಯ ಗೆರೆ, ಬಿದಿರಿನ ಗಳಗಳಿಗೆ ಕಟ್ಟಿದ ದೀಪಗಳು, ಟ್ರ್ಯಾಕ್ಟರ್ ಟ್ರೈಲರಿನ ಮೇಲೆ ಕೂತ ಹುಡುಗರು, ಮೈಕಿನಲ್ಲಿ ನಿಲ್ಲದ ವೀಕ್ಷಕ ವಿವರಣೆ. ನಮ್ಮ ತಂಡವನ್ನು ನೋಡಿಕೊಳ್ಳುವವರು ಹುಡುಗನ ಊರಿನ ಒಬ್ಬ ಹಿರಿಯರು, ಹಗಲಲ್ಲಿ ಟ್ರ್ಯಾಕ್ಟರ್ ಓಡಿಸುವವರು. ಯಾವ ತರಬೇತಿಯ ಪ್ರಮಾಣಪತ್ರವೂ ಅವರ ಹತ್ತಿರ ಇರಲಿಲ್ಲ. ಆದರೆ ನಾನು ಬಸ್ಸಿನಲ್ಲಿ ಹೇಳಿದ ಮದ್ದುಗಳಲ್ಲಿ ಒಂದನ್ನು ಅವರು ತಾವಾಗಿಯೇ ಕಂಡುಕೊಂಡಿದ್ದರು. ಹುಡುಗ ಮುಂದಿನ ಸಾಲಿಗೆ ಬಂದ ಕೂಡಲೇ ಸರ್ವಿಸಿನ ಬೆನ್ನಿಗೇ ಅವನನ್ನು ಎಡತುದಿಗೆ ಓಡಿಸಿ, ಅವನ ಜಾಗಕ್ಕೆ ಉದ್ದನೆಯವನೊಬ್ಬನನ್ನು ತರುತ್ತಿದ್ದರು. ಅವರನ್ನು ಕಂಡು ನನಗೆ ಕೈಮುಗಿಯಬೇಕೆನಿಸಿತು.

ಮೊದಲ ಸೆಟ್ ಕೆಟ್ಟದಾಗಿ ಹೋಯಿತು. ಎದುರಾಳಿಗಳು ಅವನ ಮೇಲಿಂದಲೇ ಹೊಡೆದರು, ಮೈಕಿನವನು "ಚೋಟು ಲಿಫ್ಟರ್" ಎಂದು ಕೂಗಿದಾಗಲೆಲ್ಲ ಟ್ರೈಲರಿನ ಮೇಲಿನವರು ನಕ್ಕರು. ಹುಡುಗನ ಆಟದಲ್ಲಿ ತಪ್ಪುಗಳೂ ಇದ್ದವು. ಹೆದರಿದಾಗ ಒಬ್ಬನೇ ಸ್ಮ್ಯಾಶರ್‌ಗೆ ಮತ್ತೆ ಮತ್ತೆ ಕೊಡುತ್ತಾನೆ, ಬ್ಲಾಕಿಗೆ ಮುಟ್ಟದು ಎಂದು ಗೊತ್ತಿದ್ದೂ ಹಾರಿ ಗಳಿಗೆ ಕಳೆದುಕೊಳ್ಳುತ್ತಾನೆ. ಸೆಟ್ಟಿನ ನಡುವೆ ಹಿರಿಯರು ಕರೆದು ಹೇಳಿದ್ದು ಇಷ್ಟೇ: "ನೀ ಹಾರಬ್ಯಾಡಪ್ಪ. ಹಿಂದ ಸರಿದು ಕೆಳಗ ಬೀಳೋದನ್ನ ಹಿಡಿ."

ಎರಡನೇ ಸೆಟ್ಟಿನಲ್ಲಿ ಅವನು ಹಾರುವುದನ್ನು ಬಿಟ್ಟ. ಬ್ಲಾಕಿನ ಹಿಂದೆ ಮೆಲ್ಲಗೆ ಬಿಡುವ ಚೆಂಡುಗಳನ್ನು ಮಣ್ಣಿಗೆ ಒಂದು ಗೇಣು ಮೇಲೆ ಎತ್ತತೊಡಗಿದ. ಆಮೇಲೆ ನಡೆದದ್ದನ್ನು ನಾನು ಬಹಳ ಕಾಲ ನೆನಪಿಡುತ್ತೇನೆ. ಅಂಗಳದ ಹಿಂಬದಿಯಿಂದ ಓಡಿಬಂದು, ಮುಖ ಎಡಕ್ಕಿಟ್ಟು, ಚೆಂಡನ್ನು ತಲೆಯ ಹಿಂದಕ್ಕೆ ಬಲತುದಿಗೆ ಎತ್ತಿದ. ಎದುರಾಳಿಯ ಇಬ್ಬರು ಎತ್ತರದವರು ಎಡಕ್ಕೆ ಹಾರಿ ಗಾಳಿಯಲ್ಲಿದ್ದರು. ಬಲಗಡೆ ನಮ್ಮ ಸ್ಮ್ಯಾಶರ್ ಮುಂದೆ ಬರೀ ನೆಟ್. ಅದೇ ಮೊದಲ ಸಲ ಮೈಕಿನಲ್ಲಿ "ಒಂಬತ್ತನೇ ನಂಬರ್" ಎಂದು ಕೇಳಿಸಿತು. ಆಮೇಲೆ ಚೋಟು ಎಂಬ ಮಾತು ಬರಲಿಲ್ಲ.

ಆ ಸೆಟ್ ಗೆದ್ದರು, ಮೂರನೆಯದನ್ನು ಎರಡು ಪಾಯಿಂಟಿನಿಂದ ಸೋತರು. ರಾತ್ರಿ ಒಂದೂವರೆ ಆಗಿತ್ತು. ಚಳಿಗೆ ಅವನ ಮೈಯಿಂದ ಹಬೆ ಏಳುತ್ತಿತ್ತು. ಮೊಣಕೈ ತರಚಿ ಮಣ್ಣು ಮೆತ್ತಿತ್ತು. ನಾನು ಟವೆಲ್ ಕೊಟ್ಟು, ಬಸ್ಸಿನಲ್ಲಿ ಉಳಿಸಿಕೊಂಡಿದ್ದ ಮಾತನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗೆದ್ದ ತಂಡದ ನಾಯಕ, ಆರಡಿಯ ಆಳು, ನೆಟ್ಟಿನ ಕೆಳಗೆ ಬಗ್ಗಿ ಬಂದ.

"ತಮ್ಮಾ, ಬರೋ ಶನಿವಾರ ಮುದಗಲ್ ಕಡೆ ಟೂರ್ನಮೆಂಟ್ ಐತಿ. ನಮ್ಮ ಕಡೆ ಲಿಫ್ಟ್ ಮಾಡ್ತಿಯೇನು? ನಿನ್ನ ನಂಬರ್ ಕೊಡು."

ಹುಡುಗ ನಂಬರ್ ಹೇಳಿದ. ಹೇಳಿ ನನ್ನ ಕಡೆ ತಿರುಗಿ, "ಮಾಮ, ಮಸ್ಕಿಯಿಂದ ಮುದಗಲ್ಲಿಗೆ ಮೊದಲನೇ ಬಸ್ ಎಷ್ಟೊತ್ತಿಗೆ ಐತಿ?" ಅಂದ.